ಎಡಗಡೆಯ ಎಕ್ಸೆಲ್

ಗೇರ್ ಎಣ್ಣೆಗೆ ಬೇರೆ ಯಾವ ಎಣ್ಣೆಗೂ ಇಲ್ಲದ ಒಂದು ವಾಸನೆ ಇದೆ. ಸೀಮೆಎಣ್ಣೆ ಮೂಗಿಗೆ ಚುಚ್ಚಿ ಹೋಗಿಬಿಡುತ್ತದೆ, ಇಂಜಿನ್ನಿನ ಎಣ್ಣೆ ಸುಟ್ಟ ಹಂಚಿನಂತೆ ನಾರುತ್ತದೆ. ಗೇರ್ ಎಣ್ಣೆ ಮಾತ್ರ ಹಳಸಿದ ಬೆಳ್ಳುಳ್ಳಿಯನ್ನೂ ಗಂಧಕವನ್ನೂ ಕೂಡಿಸಿ ಅರೆದಂತೆ ಗಾಢವಾಗಿ ಬಂದು ಅಲ್ಲೇ ಕೂತುಬಿಡುತ್ತದೆ. ಕೈಗೆ ಹತ್ತಿದರೆ ಸೆರಗಿಗೆ, ಸೆರಗಿನಿಂದ ಹಾಸಿಗೆಗೆ ಹೋಗುತ್ತದೆ. ಈಚೆಗೆ ಒಂದು ಬೆಳಿಗ್ಗೆ ಗಾಜಿಪುರದ ಓಣಿಯಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದೆ. ಯಾರೋ ಕಾರೊಂದನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ ಅದರ ಕೆಳಗೆ ಮಲಗಿದ್ದರು. ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಕಾರಿನ ಹೊಟ್ಟೆಯಿಂದ ಎಣ್ಣೆ ದಾರದಂತೆ ಇಳಿದು ತಗಡಿನ ಡಬ್ಬಿಗೆ ಬೀಳುತ್ತಿತ್ತು. ನಾನು ನಿಂತೆ. ಚೀಲದೊಳಗಿನ ಪುಂಡಿ ಸೊಪ್ಪು ಬಾಡುತ್ತಿದೆ ಎಂದು ಗೊತ್ತಿದ್ದೂ, ಆ ಎಣ್ಣೆ ಪೂರಾ ಇಳಿದು ನಿಲ್ಲುವವರೆಗೆ ನಿಂತೆ. ಕೆಳಗಿನಿಂದ ಒಂದು ದನಿ, "ಯಾರು ಬೇಕಿತ್ರೀ ಅಕ್ಕಾರ?" ಎಂದಿತು. ಯಾರೂ ಬೇಕಿಲ್ಲ ಎಂದು ಹೇಳಿ ಮುಂದೆ ನಡೆದೆ. ಹಾಗೆ ಹೇಳಿದ್ದು ನಿಜವಲ್ಲ.

ಅದೇ ಓಣಿಯ ಕೊನೆಯಲ್ಲಿ ನಮ್ಮ ಮನೆ ಇತ್ತು. ನಮ್ಮದು ಎನ್ನುವುದು ಬಾಯಿಯ ರೂಢಿ. ಮನೆ ಚಾಂದ್ ಬೀಯದು, ಓಣಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕಮ್ಮ. ಹಿಂದಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗೆ ಇದ್ದೆವು, ಮುಂದಿನ ಭಾಗದಲ್ಲಿ ಖಾಲಾ ಒಬ್ಬಳೇ ಇದ್ದಳು. ನಡುವೆ ಶಹಾಬಾದ ಕಲ್ಲು ಹಾಸಿದ ದೊಡ್ಡ ಅಂಗಳ, ಅದರ ಮೂಲೆಯಲ್ಲಿ ಬೇವಿನ ಗಿಡ, ಗಿಡದ ಪಕ್ಕ ನಳ. ಖಾಲಾಳ ಮಾವ ಟಾಂಗಾ ಓಡಿಸುತ್ತಿದ್ದನಂತೆ, ಅದಕ್ಕೇ ಬಾಗಿಲು ಅಷ್ಟು ಅಗಲ. ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆ ಹಾಗೇ ಉಳಿದಿತ್ತು. ಕುದುರೆ ನಿಲ್ಲುತ್ತಿದ್ದ ಜಾಗದಲ್ಲಿ ನನ್ನ ಅಪ್ಪನ ಬಿಳಿ ಕಾರು ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಕಲ್ಲು ಕಾದು ಪಾದ ಇಡಲಾಗುತ್ತಿರಲಿಲ್ಲ. ಸಂಜೆ ನೀರು ಹೊಡೆದರೆ ಉಸ್ ಎಂದು ಆವಿ ಎದ್ದು, ಕಾದ ಕಲ್ಲಿನ ವಾಸನೆಯ ಜೊತೆ ಬೇವಿನ ಹೂವಿನ ಕಹಿಯೂ ಬರುತ್ತಿತ್ತು. ಕಾರಿನ ಹಿಂದಿನ ಸೀಟಿನಿಂದ ಮಾತ್ರ ಯಾವಾಗಲೂ ಬಾಳೆಹಣ್ಣಿನ ವಾಸನೆ. ಅಪ್ಪನ ಊರು ಕಮಲಾಪುರ. ಕಲಬುರಗಿಯಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಜನರನ್ನು ಕರೆದೊಯ್ಯುವುದು ಅವನ ಕೆಲಸ. ಮದುವೆಯವರು, ಆಸ್ಪತ್ರೆಗೆ ಬರುವವರು, ಬಾಣಂತಿಯರು. ಸಂತೆಯ ದಿನ ಹಿಂದಿನ ಸೀಟು ಬಿಚ್ಚಿಟ್ಟು ಕೆಂಪು ಬಾಳೆಯ ಗೊನೆಗಳನ್ನು ತುಂಬಿಕೊಂಡು ಬರುತ್ತಿದ್ದ. ಅವು ಕಲಬುರಗಿಯ ಅಂಗಡಿಗಳಿಗೆ ಹೋದ ಮೇಲೂ ಆ ಸಿಹಿ ವಾಸನೆ ಮುಂದಿನ ಸಂತೆಯವರೆಗೆ ಕಾರಿನಲ್ಲಿ ಉಳಿಯುತ್ತಿತ್ತು.

ಅಪ್ಪ ಕಾರನ್ನು ಗ್ಯಾರೇಜಿಗೆ ಒಯ್ದದ್ದು ನಾನು ಎಂದೂ ನೋಡಿಲ್ಲ. "ಅವರು ಬಿಚ್ಚೂದು ಕಾಣ್ತದ, ಕೂಡಿಸೂದು ಕಾಣಂಗಿಲ್ಲ" ಎನ್ನುತ್ತಿದ್ದ. ಬ್ರೇಕು, ಕ್ಲಚ್ಚು, ಸೋರುವ ನೀರಿನ ಪಂಪು ಎಲ್ಲವೂ ಆ ಅಂಗಳದಲ್ಲೇ ಆಗಬೇಕು. ಅವನ ಕಣ್ಣು ಬಹಳ ಮೊದಲೇ ಮಸುಕಾಗತೊಡಗಿತ್ತು ಎಂದು ಈಗ ಅನಿಸುತ್ತದೆ. ಯಾಕೆಂದರೆ ಅವನು ಎಲ್ಲವನ್ನೂ ಕಿವಿಯಿಂದ ಮಾಡುತ್ತಿದ್ದ. ಬೋಲ್ಟು ಬಿಗಿಯುವಾಗ ಅದರ ಕೊನೆಯ ಕಿರ್ ಎನ್ನುವ ಸದ್ದಿಗೆ ಕಾಯುತ್ತಿದ್ದ. ಅಂಥ ಹೊತ್ತಿನಲ್ಲಿ ಅಂಗಳ ಸುಮ್ಮನಾಗಬೇಕು ಎಂಬುದು ಮನೆಯ ಕಟ್ಟಳೆಯಾಗಿತ್ತು. ಅಪ್ಪ ಕೈ ಎತ್ತಿದನೆಂದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು, ಖಾಲಾ ರೇಡಿಯೊ ಸಣ್ಣಗೆ ಮಾಡುತ್ತಿದ್ದಳು, ನಾನೂ ತಮ್ಮ ಶರಣುವೂ ಆಡುತ್ತಿದ್ದ ಕಲ್ಲುಗಳನ್ನು ಮುಷ್ಟಿಯಲ್ಲಿ ಹಿಡಿದು ಕೂಡುತ್ತಿದ್ದೆವು. ಆ ಮೌನದೊಳಗೆ ಕಬ್ಬಿಣ ಕಬ್ಬಿಣಕ್ಕೆ ಏನೋ ಹೇಳುತ್ತಿತ್ತು. ಅಪ್ಪ "ಹೂಂ" ಎಂದು ಕೈ ಇಳಿಸಿದರೆ ಮನೆಗೆ ಮತ್ತೆ ಜೀವ ಬರುತ್ತಿತ್ತು. ಬೇರೆ ಮನೆಗಳಲ್ಲಿ ದೇವರ ಮುಂದೆ ಹೀಗೆ ಸುಮ್ಮನಿರುತ್ತಾರೆ ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ನಾನು ಶರಣುವಿಗಿಂತ ಎರಡು ವರ್ಷ ದೊಡ್ಡವಳು. ಏಳನೆಯ ತರಗತಿಯ ನಂತರ ನನ್ನನ್ನು ಶಾಲೆ ಬಿಡಿಸಿದರು. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ, ನನ್ನ ಓರಗೆಯ ಹುಡುಗಿಯರೆಲ್ಲ ಬಿಟ್ಟಿದ್ದರು. ಮನೆಯಲ್ಲಿದ್ದ ನನ್ನ ಕೈಗೆ ಅಪ್ಪ ಮೊದಲು ಚಕ್ರದ ನಟ್ಟುಗಳನ್ನು ಕೊಟ್ಟ, ಆಮೇಲೆ ಅವನ್ನು ಬಿಗಿಯುವ ಪಾನಾ ಕೊಟ್ಟ. ಎಡಗಡೆಯ ಚಕ್ರ ನನ್ನದು, ಬಲಗಡೆಯದು ಶರಣುವಿನದು. ಹೀಗೆ ಹಂಚಿಕೊಟ್ಟವನೂ ಅಪ್ಪನೇ, ಜಗಳ ಬೇಡವೆಂದು. ಅವ್ವನಿಗೆ ಇದು ಸೇರುತ್ತಿರಲಿಲ್ಲ. "ಹೆಣ್ಣ ಹುಡುಗಿ ಗಾಡಿ ಕೆಳಗ ಮಕ್ಕೊಂಡ್ರ ನೋಡಿದವರು ಏನಂದಾರ್ರೀ?" ಎಂದು ಗೊಣಗುತ್ತಿದ್ದಳು. ಕೆಲಸ ಮುಗಿಸಿದ ದಿನ ನನಗೆ ಹಿಟ್ಟು ಮುಟ್ಟಗೊಡುತ್ತಿರಲಿಲ್ಲ, ರೊಟ್ಟಿಗೆ ಎಣ್ಣೆಯ ವಾಸನೆ ಬರುತ್ತದೆ ಎಂದು. ಖಾಲಾ ತನ್ನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತು ನಗುತ್ತಿದ್ದಳು. "ಏನ್ ಗೇ ಮಾದೇವಿ, ಲಗ್ನ ಆದ ಮ್ಯಾಲ ಗಂಡನ್ನೂ ಹಿಂಗೇ ಬಿಚ್ಚಿ ಜೋಡಸ್ತಿ ಏನು? ಒಂದ್ ನಟ್ ಉಳೀತಂದ್ರ ಏನ್ ಮಾಡ್ತಿ ಬೇಟಾ?" ಅಪ್ಪ ಅವರಿಬ್ಬರಿಗೂ ಒಂದೇ ಉತ್ತರ ಕೊಡುತ್ತಿದ್ದ. "ಇಕಿ ಕೈಯಾಗ ಅಂದಾಜದ. ಶರಣೂಗ ಇನ್ನೂ ಬರಬೇಕು." ಆ ಮಾತು ನನಗೆ ಎಷ್ಟು ಬೇಕಾಗಿತ್ತು ಎಂದರೆ, ಅದನ್ನು ಕೇಳಲೆಂದೇ ನಾನು ಅಂಗೈ ಸುಲಿದರೂ ಪಾನಾ ಬಿಡುತ್ತಿರಲಿಲ್ಲ. ಶರಣು ಆ ಮಾತಿಗೆ ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ. ಅವನಿಗೆ ಬೇಕಾಗಿದ್ದದ್ದು ಬೇರೆ. ಕಾರು ರಿಪೇರಿ ಮಾಡುವುದಲ್ಲ, ಓಡಿಸುವುದು. ಸಣ್ಣವನಿದ್ದಾಗ ನಿಂತ ಕಾರಿನಲ್ಲಿ ಕೂತು, ಕಾಲು ಎಟುಕದಿದ್ದರೂ ಸ್ಟೇರಿಂಗ್ ಹಿಡಿದು, ಅಂಗಳದ ಬೇವಿನ ಗಿಡವನ್ನು ದಿಟ್ಟಿಸುತ್ತ ಇಡೀ ಮಧ್ಯಾಹ್ನ ಕಮಲಾಪುರಕ್ಕೆ ಹೋಗಿ ಬರುತ್ತಿದ್ದ.

ಶರಣುವಿಗೆ ಲೈಸೆನ್ಸ್ ಬರುವ ಹೊತ್ತಿಗೆ ಅಪ್ಪನ ಕಣ್ಣು ಪೂರಾ ಹೋದಂತೆಯೇ ಆಗಿತ್ತು. ನರ ಒಣಗಿವೆ, ಇನ್ನು ಔಷಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಕಾರು ನಿಲ್ಲಿಸಿದ. ಅದಕ್ಕೂ ಮುಂಚಿನಿಂದಲೇ ಕಾರಿನ ಮುಂದಿನ ಎಕ್ಸೆಲ್ಲುಗಳೂ ಸವೆದಿದ್ದವು. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಆ ಎರಡು ಕಬ್ಬಿಣದ ತೋಳುಗಳ ರಬ್ಬರ್ ಚೀಲ ಹರಿದು, ಗ್ರೀಸ್ ಹಾರಿಹೋಗಿ, ಓಣಿಯಲ್ಲಿ ಹೊರಳಿದಾಗೆಲ್ಲ ಕಟಕಟ ಎಂದು ಹಲ್ಲು ಕಡಿದಂತೆ ಸದ್ದು ಬರುತ್ತಿತ್ತು. ಕಪನೂರಿನ ಒಂದು ಬೇಳೆ ಮಿಲ್ಲಿನಲ್ಲಿ ಶರಣುವಿಗೆ ಕೆಲಸ ಇದೆ ಎಂದು ಊರ ಕಡೆಯವರೊಬ್ಬರು ಹೇಳಿ ಕಳಿಸಿದ್ದರು. ಶರಣು ಊಟ ಬಿಟ್ಟ. ಮಾತಾಡಲಿಲ್ಲ, ಅತ್ತೂ ಇಲ್ಲ, ತಾಟಿನ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದ, ಅಷ್ಟೆ. ಎರಡು ದಿನ ರೊಟ್ಟಿ ಮುರಿಯುವ ಆ ಸದ್ದು ಕೇಳಿದ ಅಪ್ಪ ಕೊನೆಗೆ ಹೇಳಿದ, "ಇಬ್ಬರೂ ಕೂಡಿ ಎರಡೂ ಎಕ್ಸೆಲ್ ಮನ್ಯಾಗೇ ಹಾಕ್ರಿ. ನಾ ಕೈ ಹಚ್ಚಂಗಿಲ್ಲ. ಹಾಕಿ, ಶರಣು ನನ್ನ ಕಮಲಾಪುರ ಸಂತೀಗಿ ಕರ್ಕೊಂಡು ಹೋಗಿ, ಬಾಳಿಹಣ್ಣು ತುಂಬ್ಕೊಂಡು ಬರ್ಲಿ. ಬಂದ್ರ ಗಾಡಿ ಅವಂದು. ನಡುವ ನಿಂತ್ರ ಮಾರಿಬಿಡ್ತೀನಿ, ಮಿಲ್ಲಿಗಿ ಹೋಗ್ಲಿ." ಶರಣು ರೊಟ್ಟಿ ತಿಂದ.

ಗುಜರಿಯಿಂದ ಇನ್ನೊಂದು ಕಾರಿನ ಎಕ್ಸೆಲ್ಲುಗಳನ್ನು ತಂದು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ, ಹೊಸ ರಬ್ಬರ್ ಚೀಲ ತೊಡಿಸಿದೆವು. ಸಂತೆಯ ಹಿಂದಿನ ದಿನ ಬೆಳಿಗ್ಗೆ ಕೆಲಸ ಹಿಡಿದೆವು. ಕಾರು ನೆಲದ ಮೇಲೆ ಇದ್ದಾಗಲೇ ಚಕ್ರದ ನಡುವಿನ ದೊಡ್ಡ ನಟ್ಟು ಸಡಿಲಿಸಬೇಕು. ಎತ್ತಿದ ಮೇಲೆ ಚಕ್ರವೇ ತಿರುಗುತ್ತದೆ, ನಟ್ಟು ಬರುವುದಿಲ್ಲ. ಪಾನಾದ ಹಿಡಿಗೆ ನಳದ ಪೈಪು ಸಿಕ್ಕಿಸಿ ಶರಣು ಅದರ ಮೇಲೆ ನಿಂತು ಕುಣಿದ. ಆಮೇಲೆ ಕಾರನ್ನು ಜಾಕಿನಿಂದ ಎತ್ತಿ ಮರದ ದಿಮ್ಮಿಗಳ ಮೇಲೆ ಕೂಡಿಸಿದೆವು, ಎಣ್ಣೆಯನ್ನು ಹಳೆಯ ಪರಾತಕ್ಕೆ ಇಳಿಸಿದೆವು. ಅಪ್ಪ ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಕೂತಿದ್ದ. "ಎರಡೂ ಒಮ್ಮಿಗೇ ತೆಗೀಬ್ಯಾಡ್ರಿ, ಒಳಗಿನ ಹಲ್ಲು ಜರೀತಾವ. ಒಂದು ಹಾಕಿ ಇನ್ನೊಂದು ತೆಗೀರಿ" ಎಂದಷ್ಟೇ ಹೇಳಿದ. ಬಲಗಡೆಯದು ಮೊದಲು. ಶರಣು ಸಬ್ಬಲದಿಂದ ಹಳೆಯದನ್ನು ಮೀಟಿ ತೆಗೆದು, ಹೊಸದರ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಒಳಗೆ ಬಿಟ್ಟ. ಎಕ್ಸೆಲ್ಲಿನ ತುದಿಯಲ್ಲಿ ಒಂದು ತಂತಿಯ ಉಂಗುರ ಇರುತ್ತದೆ. ಅದು ಒಳಗಿನ ತೋಡಿಗೆ ಹೋಗಿ ಅರಳಿಕೊಂಡರೆ ಎಕ್ಸೆಲ್ ಮತ್ತೆ ಹೊರಗೆ ಬರುವುದಿಲ್ಲ. ಅರಳಿದ್ದು ಕಣ್ಣಿಗೆ ಕಾಣುವುದಿಲ್ಲ, ಕೇಳಿಸುತ್ತದೆ. ಅಪ್ಪ ಕೈ ಎತ್ತಿದ. ಅಂಗಳ ಸುಮ್ಮನಾಯಿತು. ಶರಣು ಒಮ್ಮೆ ದಬ್ಬಿದ. ಟಕ್ ಎಂದಿತು. ಅಡಕೊತ್ತಿನಲ್ಲಿ ಅಡಿಕೆ ಒಡೆದಷ್ಟೇ ಸಣ್ಣ ಸದ್ದು. "ಹೂಂ" ಎಂದ ಅಪ್ಪ. ಆಮೇಲೆ, ನನ್ನ ಕಡೆ ಮುಖ ಮಾಡಿ ಅಲ್ಲ, ಗಾಳಿಗೆ ಹೇಳಿದಂತೆ, "ಇವನ ಕೈಗೂ ಅಂದಾಜ ಬಂತು" ಎಂದ.

ಎಡಗಡೆಯ ಹಳೆಯದನ್ನು ತೆಗೆದು ಹೊಸದನ್ನು ನಾನು ದಬ್ಬಿದೆ. ಟಕ್ ಎನ್ನಲಿಲ್ಲ. ಸ್ವಲ್ಪ ಹೊರಗೆಳೆದು, ಉಂಗುರದ ಬಾಯಿ ಮೇಲೆ ಇದೆಯೇ ಎಂದು ಬೆರಳಿನಿಂದ ನೋಡಿ ಮತ್ತೆ ದಬ್ಬಿದೆ. ಅಪ್ಪ ಕೈ ಎತ್ತಿಯೇ ಇದ್ದ. ಅವ್ವ ಹಿಟ್ಟಿನ ಮೇಲೆ ಅಂಗೈ ಊರಿ ಕಾಯುತ್ತಿದ್ದಳು. ಕಟ್ಟೆಯ ಮೇಲೆ ಖಾಲಾ ಬಾಯಿಯೊಳಗಿನ ಎಲೆಯನ್ನೂ ಅಗಿಯದೆ ಕೂತಿದ್ದಳು. ಬೆವರು ಕಣ್ಣಿಗಿಳಿಯುತ್ತಿತ್ತು. ಶರಣುವಿನದು ಒಂದೇ ದಬ್ಬಿಗೆ ಕೂತಿದೆ ಎನ್ನುವುದು ಮಾತ್ರ ನನ್ನ ತಲೆಯಲ್ಲಿತ್ತು. ಮತ್ತೊಮ್ಮೆ ದಬ್ಬುತ್ತಿದ್ದಾಗ ನಳ ಬಂತು. ಗಾಜಿಪುರದಲ್ಲಿ ಆಗ ನೀರು ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಂದರೆ ಹೆಣ ಬಿಟ್ಟಾದರೂ ಹಿಡಿಯಬೇಕು. ಮೊದಲು ನಳ ಕೆಮ್ಮಿತು, ಆಮೇಲೆ ಅಂಗಳದಲ್ಲಿ ಕೊಡ, ಬಕೀಟು, ಡ್ರಮ್ಮು ಎಲ್ಲ ಒಮ್ಮೆಲೇ ಎದ್ದವು. ಖಾಲಾ "ಪಾನಿ ಆಯಾ" ಎಂದು ಕೂಗುತ್ತ ಓಡಿದಳು. ಪಕ್ಕದ ಮನೆಯವರೂ ಒಳಗೆ ನುಗ್ಗಿದರು. ಅವ್ವ "ಮಾದೇವಿ, ಕೊಡ ತೊಗೊಂಡು ಬಾರಬೇ" ಎಂದು ಕರೆದಳು. ಆ ಗದ್ದಲದ ನಡುವೆ ಅಪ್ಪ ಕೇಳಿದ, "ಕೂತಿತೇನವ್ವಾ?"

"ಕೂತದಪ್ಪಾ" ಎಂದೆ.

ನೀರು ತುಂಬಿ ಬಂದು ಮತ್ತೆ ದಬ್ಬೋಣ ಎಂದುಕೊಂಡೇ ಹೇಳಿದೆ. ಇದು ನೆಪವಲ್ಲ, ಆಗ ಹಾಗೆಯೇ ಅಂದುಕೊಂಡಿದ್ದೆ. ಆದರೆ ನೀರು ತುಂಬಿ ಬರುವಷ್ಟರಲ್ಲಿ ಶರಣು ಎಡಗಡೆಯದನ್ನೂ ಜೋಡಿಸಿ ಮುಗಿಸಿದ್ದ. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ದೊಡ್ಡ ನಟ್ಟು ಬಿಗಿದು, ಅದರ ಅಂಚನ್ನು ಉಳಿಯಿಂದ ಬಡಿದು ಮಡಚಿ, ಹೊಸ ಎಣ್ಣೆ ಸುರಿಯುತ್ತಿದ್ದ. ನನ್ನನ್ನು ನೋಡಿ ನಕ್ಕ. "ನೀ ನೀರು ತುಂಬೂದ್ರಾಗ ನಿನ್ನ ಪಾಲಿಂದೂ ಮುಗಿಸಿದೆ ನೋಡಕ್ಕಾ. ನಾಳಿ ಗಾಡಿ ನಂದಾದ ಮ್ಯಾಲ ನೀ ಹಿಂದಿನ ಸೀಟಿನ್ಯಾಗ ರಾಣಿಗತೆ ಕೂಡು." ಈಗ ಹೇಳಬೇಕೆಂದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಬಿಚ್ಚಬೇಕೆಂದರೆ ಯಾಕೆ ಎಂದು ಹೇಳಬೇಕು. ಅಪ್ಪ ಹೊರಸಿನ ಮೇಲೆ ಕೂತೇ ಇದ್ದ. ಚಕ್ರದ ಮೇಲೆ ಕಾರಿನ ಭಾರ ಬಿದ್ದರೆ ಎಕ್ಸೆಲ್ ತಾನೇ ಒಳಗೆ ಹೋಗಿ ಕೂಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಆಗುವುದೂ ಉಂಟು. ಸಂಜೆ ಶರಣು ಓಣಿಯಲ್ಲಿ ಒಂದು ಸುತ್ತು ಓಡಿಸಿದ. ಹೊರಳಿದಾಗ ಕಟಕಟ ಇರಲಿಲ್ಲ. ಖಾಲಾ ಕಾರಿನ ಮುಂದಿನ ಚಕ್ರಗಳಿಗೆ ನಿಂಬೆಹಣ್ಣು ಇಡಲು ಅವ್ವನಿಗೆ ಹೇಳಿ, ತಾನೂ ಏನೋ ಓದಿ ಊದಿದಳು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಮುಚ್ಚಿಡದೆ ಹೇಳಬೇಕೆಂದರೆ, ನನಗೆ ಇಂದಿಗೂ ಅರ್ಥವಾಗದಿರುವುದು ಆ ನಿದ್ದೆ.

ಮರುದಿನ ಬೆಳಿಗ್ಗೆ ಹೊರಟೆವು. ಅಪ್ಪ ಮುಂದೆ ಶರಣುವಿನ ಪಕ್ಕದಲ್ಲಿ, ನಾನು ಹಿಂದೆ. ಬಾಳೆಗೊನೆಗೆ ಜಾಗ ಬೇಕೆಂದು ಸೀಟು ಬಿಚ್ಚಿದ್ದರಿಂದ ಗೋಣಿಚೀಲದ ಮೇಲೆ ಕೂತಿದ್ದೆ. ಊರು ದಾಟಿದ ಮೇಲೆ ಹಾದಿಯ ಎರಡೂ ಬದಿ ತೊಗರಿ ಹೊಲ, ಹಳದಿ ಹೂವು ಬಿಟ್ಟಿತ್ತು. ಶರಣು ಚೆಂದ ಓಡಿಸುತ್ತಿದ್ದ. ಅಪ್ಪನಂತೆಯೇ ಗೇರ್ ಹಾಕುವ ಮುನ್ನ ಒಂದು ಗಳಿಗೆ ತಡೆದು, ಇಂಜಿನ್ನಿನ ದನಿ ಇಳಿದ ಮೇಲೆ ಮೆತ್ತಗೆ ಹಾಕುತ್ತಿದ್ದ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ, ತುಟಿಯ ಮೇಲೆ ನಗು ಇತ್ತು. ಒಂದು ಎತ್ತಿನ ಗಾಡಿಯನ್ನು ದಾಟಿದಾಗ, "ಏರಿನ ಮ್ಯಾಲ ದಾಟೂದು ನಾ ಕಲಿಸಿದ್ದಿಲ್ಲ" ಎಂದ. ಶರಣು "ನೀ ದಾಟೂದು ನೋಡೇ ಕಲ್ತೀನಿ" ಎಂದ. ಅಪ್ಪ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ.

ಅರ್ಧ ಹಾದಿ ದಾಟಿರಬೇಕು. ಮೊದಲು ಆ ವಾಸನೆ ನನ್ನ ಸೆರಗಿನಿಂದ ಬರುತ್ತಿದೆ ಎಂದುಕೊಂಡೆ. ಆಮೇಲೆ ನೆಲದ ಸಂದಿನಿಂದ ಬಿಸಿಯಾಗಿ ಏರಿತು. ಬೆಳ್ಳುಳ್ಳಿ, ಗಂಧಕ. ಬಾಳೆಯ ವಾಸನೆಯನ್ನು ಅದು ತಳ್ಳಿಹಾಕಿತು. ಅಪ್ಪ ಕಣ್ಣು ತೆರೆದು, ಮೂಗು ಎತ್ತಿ, "ಎಣ್ಣಿ ವಾಸನಿ ಬರಾಕತ್ತದಲ್ಲ" ಎಂದ. ಶರಣು ವೇಗ ಇಳಿಸಿದ. ಎದುರಿನ ಸಣ್ಣ ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಆಗಲೇ ನಿಲ್ಲಿಸಿದ್ದರೆ ಏನೂ ಕೆಡುತ್ತಿರಲಿಲ್ಲ. ಎಕ್ಸೆಲ್ಲನ್ನು ಒಳಗೆ ದಬ್ಬಿ, ಎಣ್ಣೆ ಸುರಿದು ಮುಂದೆ ಹೋಗಬಹುದಿತ್ತು. ಇದು ನನಗೆ ಗೊತ್ತಿತ್ತು, ಅಪ್ಪನೇ ಕಲಿಸಿದ್ದ.

"ನಿನ್ನಿ ಮ್ಯಾಲ ಚೆಲ್ಲಿದ್ದು ಅದಪ್ಪಾ, ಕಾದು ಸುಡಾಕತ್ತದ. ಹೋಗ್ತದ ಬಿಡು" ಎಂದೆ.

ಅಂಗಳದಲ್ಲಿ ಹೇಳಿದ ಸುಳ್ಳಿಗೆ ನಳದ ಗದ್ದಲ ಇತ್ತು, ದಣಿವು ಇತ್ತು. ಈ ಎರಡನೆಯದಕ್ಕೆ ಏನೂ ಇರಲಿಲ್ಲ. ಕಾರಿನೊಳಗೆ ಅಂಗಳದಂತೆಯೇ ಮೌನ. ಅಪ್ಪ ನನ್ನ ಮಾತನ್ನು ನಂಬಿ ಮತ್ತೆ ಕಣ್ಣು ಮುಚ್ಚಿದ. ಶರಣು ಕನ್ನಡಿಯಲ್ಲಿ ಇನ್ನೊಂದು ಗಳಿಗೆ ನೋಡಿ, ಕಣ್ಣು ಹಾದಿಗೆ ತಿರುಗಿಸಿ, ವೇಗ ಹಿಡಿದ.

ಕಮಲಾಪುರದ ಮನೆಗಳು ಕಾಣುವ ಮುನ್ನ ಒಂದು ಏರು ಬರುತ್ತದೆ. ಅಲ್ಲಿ ಮೊದಲು ಒಣ ಗಿರಣಿ ತಿರುಗಿದಂಥ ಸದ್ದು ಬಂತು, ಆಮೇಲೆ ಒಳಗೆ ಏನೋ ಒಡೆದಂತೆ. ಇಂಜಿನ್ ಮೊರೆಯಿತು, ಕಾರು ಮುಂದೆ ಹೋಗಲಿಲ್ಲ. ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಶರಣು ಕೈಬ್ರೇಕು ಎಳೆದ. ಹಿಂದೆ ಹಾದಿಯುದ್ದಕ್ಕೂ ಡಾಂಬರಿನ ಮೇಲೆ ಎಣ್ಣೆಯ ಗೆರೆ ಇತ್ತು. ಅಪ್ಪ ಇಳಿದು, ಬಾನೆಟ್ಟು ತಡವುತ್ತ ಮುಂದೆ ಬಂದು, ಧೋತರ ಮಡಚಿ ಮಂಡಿಯೂರಿ ಕಾರಿನ ಕೆಳಗೆ ಕೈ ಹಾಕಿದ. ಕಾದ ಎಣ್ಣೆ ಕೈಗೆ ಹತ್ತಿದರೂ ಹಿಂದಕ್ಕೆ ಎಳೆಯಲಿಲ್ಲ. ಬೆರಳುಗಳು ಬಲಗಡೆಯ ಎಕ್ಸೆಲ್ಲಿನ ಗುಂಟ ಹೋದವು, ಎಡಗಡೆಯದರ ಗುಂಟ ಹೋಗಿ ಅಲ್ಲಿ ನಿಂತವು. "ಎಡಗಡೆದು ಹೊರಗ ಬಂದದ. ಎಣ್ಣಿ ಎಲ್ಲಾ ಹೋಗಿ ಗೇರ್ ತಿಂದದ" ಎಂದ. ಆಮೇಲೆ ಎದ್ದು ನಿಂತು, ನಾವು ನಿಂತಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ ಮುಖ ಮಾಡಿ ಕೇಳಿದ, "ಎಡಗಡೆದು ಯಾರು ಕೂಡಿಸಿದ್ರಿ?"

ಯಾರು ಎಂದು ಅವನಿಗೆ ಗೊತ್ತಿರಬೇಕಿತ್ತು. ನಮ್ಮ ಬಾಲ್ಯವೆಲ್ಲ ಎಡಗಡೆ ನನ್ನದೇ. ಆದರೂ ಕೇಳಿದ. ನಾನು ಬಾಯಿ ತೆರೆದೆ, ಅಥವಾ ತೆರೆದೆ ಎಂದು ನೆನಪು. ಅಷ್ಟರಲ್ಲಿ ಶರಣು ಅಂದ, "ನಾನಪ್ಪಾ. ಅಕ್ಕ ನೀರಿಗಿ ಹೋಗಿದ್ಳು, ನಾನೇ ಮುಗಿಸಿದೆ."

ಅಪ್ಪ ಕೈಯ ಎಣ್ಣೆಯನ್ನು ಧೋತರಕ್ಕೆ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ನಾನು ಆಗಲೂ ಸುಮ್ಮನಿದ್ದೆ. ಸಂತೆಗೆ ಹೋಗುವವರು ಬುಟ್ಟಿ ಹೊತ್ತು ನಮ್ಮನ್ನು ದಾಟಿ ಹೋದರು. ಒಬ್ಬ ಮುದುಕ ಅಪ್ಪನ ಗುರುತು ಹಿಡಿದು, "ಏನೋ, ಗಾಡಿ ಮುನಿಸ್ಕೊಂಡದ?" ಎಂದು ಕೇಳಿದ. "ಇಲ್ಲ, ದಣದದ" ಎಂದ ಅಪ್ಪ.

ಕಾರನ್ನು ಅಲ್ಲಿಂದಲೇ ಗುಜರಿಗೆ ಎಳೆದುಕೊಂಡು ಹೋದರು. ಅಪ್ಪ ಬಯ್ಯಲಿಲ್ಲ, ಆಡಿದ ಮಾತಿನಂತೆ ಮಾಡಿದ, ಅಷ್ಟೆ. ಶರಣು ಕಪನೂರಿನ ಮಿಲ್ಲಿಗೆ ಹೋದ. ಸಂಜೆ ಬಂದಾಗ ಅವನ ಹುಬ್ಬು, ಕಿವಿ, ಕೂದಲೆಲ್ಲ ಬೇಳೆಯ ಹಳದಿ ಧೂಳು ತುಂಬಿರುತ್ತಿತ್ತು. ಅವ್ವ ಅಂಗಳದಲ್ಲೇ ಅವನ ತಲೆಗೆ ನೀರು ಸುರಿಯುತ್ತಿದ್ದಳು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಕಲ್ಲಿನ ಮೇಲೆ ಎಣ್ಣೆಯ ಕಪ್ಪು ಕಲೆ ಉಳಿದಿತ್ತು. ನಾನು ಅದನ್ನು ಬೂದಿ ಹಾಕಿ ತಿಕ್ಕುತ್ತಿದ್ದೆ. ಹೋಗಲಿಲ್ಲ. ಆ ವರ್ಷವೇ ನನ್ನ ಮದುವೆಯಾಯಿತು. ಗಂಡ ಇದೇ ಊರಿನವನು, ಒಳ್ಳೆಯವನು. ಅಪ್ಪ ಮದುವೆಯ ಚಪ್ಪರದಲ್ಲಿ ಬಂದವರಿಗೆಲ್ಲ "ನನ್ನ ಮಗಳ ಕೈಯಾಗ ಅಂದಾಜದ" ಎಂದು ಹೇಳುತ್ತ ಕೂತಿದ್ದ. ಶರಣು ಅವನ ಪಕ್ಕದಲ್ಲಿ ನಿಂತು ಬಡಿಸುತ್ತಿದ್ದ. ನಾನು ತಲೆ ತಗ್ಗಿಸಿದ್ದನ್ನು ನೋಡಿದವರು ಮದುವಣಗಿತ್ತಿಯ ನಾಚಿಕೆ ಎಂದುಕೊಂಡರು.

ಆಮೇಲಿನದು ಎಲ್ಲ ಮನೆಗಳ ಕತೆ. ಖಾಲಾ ತೀರಿಕೊಂಡಳು. ಹೈದರಾಬಾದಿನಿಂದ ಬಂದ ಅವಳ ಸಂಬಂಧಿಕರು ಮನೆ ಮಾರಿದರು. ಬೇವು ಹೋಯಿತು, ಕಲ್ಲು ಹಾಸು ಹೋಯಿತು. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ, ನೆಲದಡಿಯಲ್ಲಿ ಕಾರುಗಳು ಸಾಲಾಗಿ ನಿಲ್ಲುತ್ತವೆ. ಅಲ್ಲಿ ಯಾರೂ ಯಾವ ಸದ್ದಿಗೂ ಸುಮ್ಮನಾಗುವುದಿಲ್ಲ. ಅವ್ವ ಶರಣುವಿನ ಹತ್ತಿರ ಇದ್ದಾಳೆ. ಶರಣು ಮಿಲ್ಲಿನಲ್ಲೇ ಇದ್ದಾನೆ, ಕೆಮ್ಮು ಹತ್ತಿದೆ. ಅಪ್ಪ ಹೋದದ್ದು ಹೋದ ವರ್ಷ. ಕೊನೆಯ ದಿನಗಳಲ್ಲಿ ನಾನು ಅವನ ಪಕ್ಕದಲ್ಲಿ ಕೂತು ಹೇಳಲು ಹೊರಟೆ. "ಅಪ್ಪಾ, ಗಾಡಿದು ಒಂದು ಮಾತದ" ಎಂದೆ. ಅವನು ನನ್ನ ಕೈ ಹುಡುಕಿ ಹಿಡಿದು, ಅಂಗೈ ಸವರಿ, "ಮೆತ್ತಗಾಗ್ಯಾವಲ್ಲವ್ವಾ" ಎಂದ. ಅಷ್ಟಕ್ಕೇ ನನ್ನ ಮಾತು ನಿಂತಿತು. ನಿಲ್ಲಿಸಿಕೊಂಡೆ ಎನ್ನುವುದೇ ಸರಿ.

ಅವನ ಸಮಾಧಿ ಕಮಲಾಪುರದ ಹೊಲದಲ್ಲಿದೆ. ವರ್ಷದ ಪೂಜೆಗೆ ನಾನೂ ಶರಣುವೂ ಹೋಗಿ, ಹೂವು ಏರಿಸಿ, ಮಧ್ಯಾಹ್ನದ ಬಸ್ಸಿಗೆ ಹತ್ತಿದೆವು. ಸಂತೆಯ ದಿನವಾದ್ದರಿಂದ ಬಸ್ಸು ತುಂಬಿತ್ತು. ಡ್ರೈವರನ ಹಿಂದಿನ ಸೀಟು ಹೇಗೋ ಸಿಕ್ಕಿತು. ಬಸ್ಸು ಹೊರಡುವ ಮುನ್ನವೇ ಹೇಳಿದೆ, ಹೊರಟರೆ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಶರಣು, ಅವತ್ತು ಎಡಗಡೆದು ಕೂತಿದ್ದಿಲ್ಲ. ಗೊತ್ತಿದ್ದೇ ಅಪ್ಪಗ ಕೂತದ ಅಂದೆ."

ಅವನು ಕಿಟಕಿಯ ಹೊರಗೆ ಬಾಳೆಹಣ್ಣು ಮಾರುವವಳನ್ನು ನೋಡುತ್ತಿದ್ದ. "ಗೊತ್ತದಕ್ಕಾ" ಎಂದ. "ಚಕ್ರ ಹಾಕುವಾಗ ನೋಡಿದ್ನಲ್ಲ, ಉಗುರಿನಷ್ಟು ಸಂದಿತ್ತು."

"ಮತ್ತ ಯಾಕ ಅನ್ನಲಿಲ್ಲ?"

"ಅಪ್ಪನ ಮುಂದ ಹ್ಯಾಂಗ ಅನ್ಲಿ? ನಾ ದಬ್ಬಿದ್ರ ಟಕ್ ಅನ್ನೂದು ಅವಗ ಕೇಳ್ತಿತ್ತು. ನಿನಗ ಇದ್ದದ್ದು ಅದೊಂದೇ ಮಾತು, ಕೈಯಾಗ ಅಂದಾಜದ ಅನ್ನೂದು. ಕಮಲಾಪುರ ಮುಟ್ಟಿದ್ರ ಸಂತ್ಯಾಗ ಅಪ್ಪನ್ನ ಕೂಡಿಸಿ, ಇಬ್ಬರೂ ಸುಮ್ಮನ ದಬ್ಬಿ ಬರೋಣು ಅಂದ್ಕೊಂಡಿದ್ದೆ. ಆಗಿನ ಬುದ್ಧಿ." ಸ್ವಲ್ಪ ಕೆಮ್ಮಿದ. "ವಾಸನಿ ಬಂದಾಗ ಹೇಳ್ತಿ ಅಂತ ಕಾಯ್ದೆ. ಕನ್ನಡ್ಯಾಗ ನೋಡ್ದೆ ಅಲಾ."

ನನ್ನ ಉತ್ತರಕ್ಕೆ ಅವನು ಕಾಯಲಿಲ್ಲ. ಜೇಬಿನಿಂದ ಚಿಲ್ಲರೆ ತೆಗೆದು ಇಬ್ಬರ ಟಿಕೀಟು ಕೊಂಡು, ನನ್ನದನ್ನು ನನ್ನ ಕೈಗೆ ಕೊಟ್ಟ. ಬಸ್ಸು ಹೊರಟಿತು. ಊರಿನ ಕೊನೆಯ ಮನೆಗಳನ್ನು ದಾಟಿ ಆ ಏರಿನ ತಲೆಗೆ ಬಂತು. ಈಗ ನಮಗೆ ಅದು ಇಳಿಜಾರು. ಡ್ರೈವರ್ ಗೇರ್ ಬದಲಿಸಲು ಕೈ ಚಾಚಿದ. ನಾನು ತಲೆ ತಗ್ಗಿಸಿ ಕೂತಿದ್ದರಿಂದ ಕಂಡಿತು. ಸವೆದ ಚಪ್ಪಲಿಯೊಳಗೆ ಶರಣುವಿನ ಎಡಗಾಲು ಬಸ್ಸಿನ ಬರಿ ನೆಲವನ್ನು, ಅಲ್ಲಿ ಕ್ಲಚ್ಚು ಇದ್ದಂತೆ, ಮೆಲ್ಲಗೆ ಒತ್ತಿತು, ಇಂಜಿನ್ನಿನ ದನಿ ಇಳಿಯುವವರೆಗೆ ಒಂದು ಗಳಿಗೆ ತಡೆಯಿತು, ಮತ್ತೆ ಮೆಲ್ಲಗೆ ಬಿಟ್ಟಿತು. ಅವನು ಹೊರಗೆ ತೊಗರಿ ಹೊಲ ನೋಡುತ್ತಿದ್ದ. ಕಾಲು ಹಾಗೆ ಮಾಡಿದ್ದು ಅವನಿಗೆ ಗೊತ್ತಾಗಲಿಲ್ಲ. ಕಲಬುರಗಿ ಬರುವವರೆಗೂ, ಪ್ರತಿ ಗೇರಿಗೂ, ಅದು ಹಾಗೆಯೇ ಒತ್ತಿ ಬಿಡುತ್ತಿತ್ತು.